ವಿಮಾನಕ್ಕೆ ಬಟ್ಟೆ ಹೊಲಿದ ದಿನಗಳು

ವಿಮಾನ ರಿಪೇರಿ ಗಂಭೀರವಾದ ಕೆಲಸ, ಅಲ್ಲಿ ಯಾರೂ ನಗುವುದಿಲ್ಲ ಎಂದು ನಾನೂ ನಂಬಿದ್ದೆ. ಆದರೆ ತೆರೆದ ಶೆಡ್ಡಿಗೆ ಕಾಗೆ ನುಗ್ಗುವಂತೆ ನಗೆಯ ಸಂಗತಿಗಳೂ ವಿಮಾನ ನಿಲ್ಲಿಸುವ ನಮ್ಮ ಹ್ಯಾಂಗರಿಗೆ ಕೇಳದೆ ನುಗ್ಗುತ್ತಿದ್ದವು.

ವಿಲೆ ಪಾರ್ಲೆ ಕಡೆಯ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ನಾನು ಟೈಪಿಸ್ಟ್. ಅಲ್ಲಿ ಯುದ್ಧಕಾಲದ ಹಳೆಯ ವಿಮಾನವೊಂದಿತ್ತು. ಮರದ ಎಲುಬು, ಮೇಲೆ ಬಟ್ಟೆಯ ಚರ್ಮ. ಎಡಕ್ಕೆರಡು, ಬಲಕ್ಕೆರಡು ರೆಕ್ಕೆ. ಅದರ ಬಟ್ಟೆಯೆಲ್ಲ ಲಡ್ಡಾಗಿತ್ತು. ಮಳೆಗಾಲದೊಳಗೆ ಅದು ಸರ್ಕಾರದ ತಪಾಸಣೆಯಲ್ಲಿ ಪಾಸಾಗದಿದ್ದರೆ ಗುಜರಿಗೆ ಹಾಕುವುದೆಂದು ಕಮಿಟಿ ತೀರ್ಮಾನಿಸಿತ್ತು.

“ಇದು ಹಾರಿದ್ರ ನಾನೂ ಇರ್ತೇನಿ ತಂಗಿ. ಇಲ್ಲಾಂದ್ರ ಇದರ ಜೋಡಿ ನನ್ನೂ ತೂಕಕ್ಕ ಹಾಕ್ತಾರ,” ಎಂದರು ಮಿಸ್ತ್ರಿ ಕಾಕಾ. ಧಾರವಾಡದವರು. ಆ ವಿಮಾನ ಬಿಟ್ಟರೆ ಕ್ಲಬ್ಬಿನಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲ.

ರೆಕ್ಕೆಯ ಆಚೆಯ ಮಾತು

ಕಾನ್ವೆಂಟಿನಲ್ಲಿ ಕಸೂತಿ ಕಲಿತಿದ್ದೇನೆಂದು ಒಮ್ಮೆ ಬಾಯಿಬಿಟ್ಟದ್ದೇ ತಡ, ನನ್ನನ್ನು ಟೈಪ್‌ರೈಟರಿನಿಂದ ಎಬ್ಬಿಸಿ ಹೊಲಿಗೆಗೆ ನಿಲ್ಲಿಸಿದರು. ರೆಕ್ಕೆಯನ್ನು ಗೋಡೆಯಂತೆ ನಿಲ್ಲಿಸಿ, ಈಚೆ ನಾನು, ಆಚೆ ಕಾಕಾ. ಮೊಳದುದ್ದದ ಸೂಜಿಯನ್ನು ನಾನು ಈ ಕಡೆಯಿಂದ ಚುಚ್ಚಬೇಕು, ಅವರು ಆ ಕಡೆ ಎಳೆದು ಮತ್ತೆ ಇತ್ತ ತೂರಿಸಬೇಕು.

ಮುಖ ನೋಡಿ ಮಾತಾಡಲು ನನಗೆ ನಾಚಿಕೆ. ನಡುವೆ ರೆಕ್ಕೆಯಿದ್ದರೆ ಮಾತು ಸಲೀಸು. ಒಂದು ದಿನ ಸಿಟಿ ಬಸ್ಸಿನಿಂದ ಹಿಡಿದು ಅಮ್ಮ ಮಾಡುವ ನೀರುದೋಸೆಯವರೆಗೆ ಎಲ್ಲವನ್ನೂ ಹೇಳಿ ಮುಗಿಸಿದೆ. ಸೂಜಿ ಮಾತ್ರ ವಾಪಸು ಬರಲಿಲ್ಲ. ಇಣುಕಿ ನೋಡಿದರೆ ಆಚೆ ಕಾಕಾ ಇಲ್ಲ. ಸೂಜಿ ಹಿಡಿದು ನಿಂತವರು ಕ್ಲಬ್ಬಿನ ದೊಡ್ಡ ಸಾಹೇಬರು.

ನನ್ನ ಜೀವ ಹೋಯಿತು. “ಕಾಕಾ ಚಹಾಕ್ಕೆ ಹೋದರು,” ಎಂದರು ಸಾಹೇಬರು. “ನೀವು ಮುಂದುವರಿಸಿ. ದೋಸೆಗೆ ಚಟ್ನಿ ಯಾವುದು ಅಂದಿರಿ?”

ಬಾಳೆಹಣ್ಣಿನ ಹುಡುಗಿ

ಹೊಲಿದ ಬಟ್ಟೆಗೆ ‘ಡೋಪ್’ ಎಂಬ ಬಣ್ಣ ಬಳಿಯುತ್ತಾರೆ. ಅದು ಒಣಗಿದಂತೆ ಬಟ್ಟೆ ಬಿಗಿದು ಚಂಡೆಯಂತಾಗುತ್ತದೆ. ಆದರೆ ಅದರ ವಾಸನೆ, ಕಳಿತ ಬಾಳೆಹಣ್ಣಿನದು! ಸೋಪು ಹಚ್ಚಿ ಉಜ್ಜಿದರೂ ಹೋಗದು.

ಸಂಜೆಯ ಲೋಕಲ್ ರೈಲಿನಲ್ಲಿ, ಲೇಡೀಸ್ ಡಬ್ಬಿಯಲ್ಲಿ, ಮಗುವೊಂದು ನನ್ನತ್ತ ಕೈಚಾಚಿ ರಂಪ ಮಾಡಿತು. ಅದರ ತಾಯಿ ನನ್ನ ಚೀಲವನ್ನೇ ದುರುಗುಟ್ಟಿ ನೋಡಿದಳು. “ನನ್ನ ಹತ್ತಿರ ಬಾಳೆಹಣ್ಣು ಇಲ್ಲ,” ಎಂದೆ ಹರಕುಮುರುಕು ಮರಾಠಿಯಲ್ಲಿ. ಯಾರೂ ನಂಬಲಿಲ್ಲ. ಕೊನೆಗೆ ಚೀಲ ಬೋರಲು ಹಾಕಿ ತೋರಿಸಿದೆ: ಕರ್ಚೀಫು, ಪಾಸು, ಖಾಲಿ ಊಟದ ಡಬ್ಬಿ.

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ತೀರ್ಪು ಕೊಟ್ಟಳು: “ತಿಂದುಬಿಟ್ಟಿದ್ದಾಳೆ. ಒಂದು ಗೊನೆ ಪೂರ್ತಿ!”

ಗರಿಗರಿ ಯಂತ್ರ

ಗಾಳಿಯಲ್ಲಿ ತೇವವಿದ್ದ ದಿನ ಡೋಪ್ ಬಳಿದರೆ ಅದು ಬೂದಿ ಬಡಿದಂತೆ ಬಿಳಿಚಿಕೊಳ್ಳುತ್ತದೆ. ತೇವ ಅಳೆಯಲು ಸಾಹೇಬರ ಬಳಿ ಯಂತ್ರವಿತ್ತು, ಮುಳ್ಳು ಮಾತ್ರ ಎಂದೋ ತುಕ್ಕು ಹಿಡಿದು ನಿಂತಿತ್ತು. ಹೊಸದು ಬರುವವರೆಗೆ ಇರಲಿ ಎಂದು ಕಾಕಾ ಎದುರಿನ ಉಡುಪಿ ಹೋಟೆಲಿನಿಂದ ಸುಟ್ಟ ಹಪ್ಪಳ ತಂದು ತೊಲೆಗೆ ನೇತುಹಾಕಿದರು. ಮೆತ್ತಗಾದರೆ ಕೆಲಸ ಬಂದ್, ಗರಿಗರಿಯಿದ್ದರೆ ಚಾಲೂ.

ಒಂದು ಬೆಳಿಗ್ಗೆ ನೋಡಿದರೆ ದಾರವಷ್ಟೇ ತೂಗಾಡುತ್ತಿದೆ. “ಹಪ್ಪಳ ಯಾರು ಒಯ್ದ್ರಲೇ?” ಎಂದು ಕಾಕಾ ಗುಡುಗಿದರು.

ಆಫೀಸಿನಿಂದ ಸಾಹೇಬರು ಬಾಯೊರೆಸಿಕೊಳ್ಳುತ್ತ ಬಂದರು. “ಬಣ್ಣ ಶುರು ಮಾಡಿ ಮಿಸ್ತ್ರಿ. ನಾನೇ ಪರೀಕ್ಷೆ ಮಾಡಿದೆ. ಇವತ್ತು ಬಹಳ ಗರಿಗರಿಯಾಗಿದೆ.”

ಹಣೆ ಯಾವುದು?

ತಪಾಸಣೆಯ ಹಿಂದಿನ ದಿನ ಬೆಳ್ಳಿ ಬಣ್ಣದ ಕೊನೆಯ ಕೋಟು ಮುಗಿಯಿತು. ಮುತ್ತೈದೆಯ ಕೈಯಿಂದ ಕುಂಕುಮ ಇಡಿಸಬೇಕೆಂದು ಕಾಕಾರ ಹಟ. ನಮ್ಮ ಅಮ್ಮನನ್ನು ಕರೆತಂದೆ.

“ಮುಂದಿನ ಪಂಖಾಕ್ಕ ಇಡ್ರಿ ಅಕ್ಕಾರ,” ಎಂದು ಹೇಳಿ ಕಾಕಾ ತೆಂಗಿನಕಾಯಿ ತರಲು ಹೋದರು.

ಅಮ್ಮ ವಿಮಾನವನ್ನು ಮೇಲೆಕೆಳಗೆ ನೋಡಿದರು. “ಅದು ಮೂಗಲ್ವನಾ? ಮೂಗಿಗೆ ಯಾರಾದರೂ ಕುಂಕುಮ ಇಡ್ತಾರಾ ಮಾರಾಯ್ತಿ? ಹಣೆ ಇದು!” ಎಂದವರೇ, ನಾನು ಬಾಯಿ ತೆರೆಯುವಷ್ಟರಲ್ಲಿ, ಇನ್ನೂ ಹಸಿಯಿದ್ದ ರೆಕ್ಕೆಗೆ ಹೆಬ್ಬೆರಳು ಒತ್ತಿಬಿಟ್ಟರು. ಕುಂಕುಮ, ಬೆರಳಿನ ಗೆರೆ, ಎಲ್ಲ ಬಣ್ಣದೊಳಗೆ ಕೂತವು. ಒರೆಸಹೋದರೆ ಸುತ್ತಲಿನ ಬಣ್ಣವೇ ಕಿತ್ತುಬರುತ್ತದೆ. ಕಾಯಿ ಹಿಡಿದು ಬಂದ ಕಾಕಾ ಅದನ್ನು ಒಡೆಯಲಿಲ್ಲ, ಅಲ್ಲೇ ಕುಸಿದು ಕೂತರು.

ಮರುದಿನ ಇನ್‌ಸ್ಪೆಕ್ಟರ್ ಬಂದರು. ನಗು ಎಂಬುದನ್ನು ಮನೆಯಲ್ಲೇ ಇಟ್ಟುಬಂದ ಮನುಷ್ಯ. ಹೊಲಿಗೆ ಎಳೆದರು, ಬಟ್ಟೆ ಬಡಿದು ಕಿವಿಗೊಟ್ಟರು. ಕುಂಕುಮದ ಮುಂದೆ ನಿಂತರು.

“ಏನಿದು?” ಎಂದರು ಇಂಗ್ಲಿಷಿನಲ್ಲಿ.

ಸಾಹೇಬರು ಸೂರು ನೋಡಿದರು. ಕಾಕಾ ಕಣ್ಣು ಮುಚ್ಚಿದರು. ಕಾನ್ವೆಂಟಿನ ಇಂಗ್ಲಿಷೆಲ್ಲ ಒಟ್ಟುಗೂಡಿಸಿ ನಾನು ಹೇಳಿದ್ದು ಇಷ್ಟೇ: “ಸರ್, ಅದು ನನ್ನ ತಾಯಿ.”

ಅವರು ನನ್ನನ್ನು ನೋಡಿದರು, ಹೆಬ್ಬೆರಳಿನ ಗುರುತನ್ನು ನೋಡಿದರು. ಆಚೆ ಬದಿಯ ರೆಕ್ಕೆಗೆ ಹೋಗಿ ಇಂಚಿಂಚೂ ಹುಡುಕಿದರು. ಆಮೇಲೆ ಗಂಭೀರವಾಗಿ ಎಂದರು: “ಈ ಕಡೆ ಇಲ್ಲವಲ್ಲ? ವಿಮಾನದಲ್ಲಿ ಎರಡೂ ಬದಿ ಸಮ ಇರಬೇಕು. ಇದೊಂದು ಸರಿಮಾಡಿ. ಉಳಿದದ್ದೆಲ್ಲ ಪಾಸ್.”

ಕಾಕಾ ಅಳುತ್ತಲೇ ಕಾಯಿ ಒಡೆದರು. ಸಂಜೆ ಅಮ್ಮನನ್ನು ಮತ್ತೆ ಕರೆತಂದೆವು. ಅಮ್ಮ ಆಚೆ ಬದಿಯ ರೆಕ್ಕೆಗೆ ಕುಂಕುಮ ಒತ್ತಿದರು, ಉದುರಿತು. ಮತ್ತೆ ಒತ್ತಿದರು, ಮತ್ತೆ ಉದುರಿತು. ಕಾಕಾರತ್ತ ತಿರುಗಿ ಗದರಿದರು:

“ಇದು ಒಣಗಿದೆಯಲ್ಲ! ಎಂಥ ಕೆಲಸ ಮಾಡ್ತೀರಿ ಮಿಸ್ತ್ರಿಗಳೇ? ಹೋಗಿ, ಹಸಿ ಬಣ್ಣ ಬಳಿಯಿರಿ!”