ಕ್ಲಚ್ಚಿನ ಮೇಲಿನ ಕಾಲು

ನಮ್ಮ ಕಾರು ಕೆಡುವುದು ಯಾವತ್ತೂ ಒಂದು ಸುದ್ದಿ ಆಗಿರಲಿಲ್ಲ. ಕೆಡದೆ ಒಂದು ವಾರ ಕಳೆದರೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, "ಎಂತ, ಕಾರು ಮಾರಿದಿರಾ?" ಅಂತ ಕೇಳುತ್ತಿದ್ದರು.

ಹಿಂದೆ ಡಿಕ್ಕಿ ಇರುವ, ಮಧ್ಯಮ ಗಾತ್ರದ ಉದ್ದ ಕಾರು ಅದು. ನನ್ನ ಹೆಂಡತಿ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಪೆನ್ಶನ್ ಆದಾಗ ಬಂದ ಹಣದಲ್ಲಿ ಅವಳೇ ತೆಗೆದದ್ದು, ಕಾಗದಪತ್ರ ಎಲ್ಲ ಅವಳ ಹೆಸರಲ್ಲಿ. ನಾನು ಕಾಸರಗೋಡಿನ ವಿದ್ಯಾನಗರದ ಒಂದು ಸರಕಾರಿ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಮಲಯಾಳದ ಆರ್ಡರುಗಳನ್ನು ಕನ್ನಡ ಮಾಡಿ, ಕನ್ನಡದ ಅರ್ಜಿಗಳನ್ನು ಮಲಯಾಳ ಮಾಡಿ ಪೆನ್ಶನ್ ಆದವನು. ಮನೆ ಶಿರಿಯದಲ್ಲಿ. ಅವಳು ಮಾಲೀಕಳು, ನಾನು ಡ್ರೈವರ್. ಈ ವ್ಯವಸ್ಥೆಯಲ್ಲಿ ಇಬ್ಬರಿಗೂ ಸುಖವೇ ಇತ್ತು, ಕಾರಿಗೆ ಐದು ವರ್ಷ ತುಂಬುವವರೆಗೆ.

೧. ಒಂದು ಸಣ್ಣ ಪಟ್ಟಿ

ಐದು ವರ್ಷ ತುಂಬಿದಾಗ ಕಾಸರಗೋಡಿನ ವರ್ಕ್‌ಶಾಪಿನವರು ಎಕ್ಸ್‌ಟೆಂಡೆಡ್ ವಾರಂಟಿ ಅಂತ ಒಂದನ್ನು ತೋರಿಸಿದರು. ಕೌಂಟರಿನವನು ಹೇಳಿದ, "ಇನ್ನು ಮೂರು ವರ್ಷ ತಲೆಬಿಸಿಯೇ ಇಲ್ಲ ಟೀಚರ್. ಎಲ್ಲಾ ಕವರ್ ಆಗ್ತದೆ."

"ಯಾವುದು ಆಗುವುದಿಲ್ಲ, ಅದು ಹೇಳಿ," ಅಂದಳು ಇವಳು.

"ಅದೊಂದು ಸಣ್ಣ ಪಟ್ಟಿ ಉಂಟು."

ಮನೆಗೆ ಬಂದು ನೋಡಿದರೆ ಕವರ್ ಆಗುವುದು ಒಂದೂವರೆ ಪುಟ, ಆಗದ್ದು ಒಂಬತ್ತು ಪುಟ. ಊರಿನವರ ಕಾಗದವನ್ನೆಲ್ಲ ಓದಿ ಓದಿ ಕಣ್ಣು ಹಾಳು ಮಾಡಿಕೊಂಡವನು ನನ್ನ ಮನೆಯ ಕಾಗದ ಓದದೆ ದುಡ್ಡು ಕಟ್ಟಿ ಬಂದಿದ್ದೆ. ಅವಳು ಕೆಂಪು ಪೆನ್ನು ತೆಗೆದು ಒಂಬತ್ತು ಪುಟಕ್ಕೂ ಗೆರೆ ಎಳೆದಳು.

ಅದೇ ವಾರ ಅವಳ ಕಾಲು ಬಾತುಕೊಂಡಿತು. ಮಂಗಳೂರಿಗೆ ಹೋದೆವು. ಡಾಕ್ಟರರು ರಿಪೋರ್ಟು ನೋಡಿ, ಕನ್ನಡಕ ತೆಗೆದು, ಎರಡೂ ಕಿಡ್ನಿ ಹೋಗಿದೆ ಅಂದರು. ಇವಳು ಕೇಳಿದಳು, "ಇದಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಎಂತಾದರೂ ಉಂಟಾ ಡಾಕ್ಟರೇ?"

ಡಾಕ್ಟರರು ಪಾಪ ಒಳ್ಳೆಯವರು. "ಉಂಟು," ಅಂದರು, "ಆದರೆ ವಾರಕ್ಕೆ ಎರಡು ಸಲ ಸರ್ವಿಸಿಗೆ ಬರಬೇಕು."

೨. ಹಿಂದಿನ ಸೀಟಿನ ಸಾಕ್ಷಿ

ಹಾಗೆ ಮಂಗಳವಾರ, ಶುಕ್ರವಾರ ನಮ್ಮ ಡಯಾಲಿಸಿಸ್ ದಿನಗಳಾದವು. ಮೆಷಿನು ಸಿಗುವುದು ಬೆಳಿಗ್ಗೆ ಹತ್ತಕ್ಕೆ. ಅರ್ಧ ಗಂಟೆ ತಡವಾದರೆ ಅದು ಇನ್ನೊಬ್ಬರಿಗೆ, ನಮಗೆ ಮತ್ತೆ ಯಾವಾಗ ಅಂತ ದೇವರಿಗೇ ಗೊತ್ತು. ಆಗ ಹೈವೇ ಇನ್ನೂ ಅಗಲ ಆಗಿರಲಿಲ್ಲ. ಒಂದು ಹೊಂಡ ತಪ್ಪಿಸಿದರೆ ಇನ್ನೊಂದು, ಅದನ್ನೂ ತಪ್ಪಿಸಿದರೆ ಎದುರಿಗೆ ಬಸ್ಸು. ನನ್ನ ಎಡಗಾಲು ಶಿರಿಯದಲ್ಲಿ ಕ್ಲಚ್ಚಿನ ಮೇಲೆ ಕೂತರೆ ಏಳುವುದು ಆಸ್ಪತ್ರೆಯ ಗೇಟಿನಲ್ಲಿ. ಹೆದರಿಕೆ ಮಾರಾಯ್ರೆ, ಬೇರೆ ಎಂತದೂ ಅಲ್ಲ.

"ಕಾಲು ತೆಗೆಯಿರಿ," ಅನ್ನುವಳು ಹಿಂದಿನಿಂದ.

"ಇಟ್ಟೇ ಇಲ್ಲ," ಅನ್ನುವೆ ನಾನು.

ಆರು ತಿಂಗಳಲ್ಲಿ ಕ್ಲಚ್ಚಿನ ಕಡೆಯಿಂದ ಕಿರ್‍ರ್ ಅಂತ ಶಬ್ದ ಶುರುವಾಯಿತು. ವಾರಂಟಿ ಇದೆಯಲ್ಲ ಅಂತ ಎದೆ ಉಬ್ಬಿಸಿ ಹೋದೆ, ಇವಳೂ ಬಂದಳು. ವರ್ಕ್‌ಶಾಪಿನ ಎಂಜಿನಿಯರ್ ಕೇರಳದ ತೆಂಕು ಕಡೆಯವ, ಕನ್ನಡ ಒಂದಕ್ಷರ ಬಾರದು. ಅವನೂ ನಾವೂ ಮಾತಾಡುವುದೆಲ್ಲ ಮಲಯಾಳದಲ್ಲಿ. ಇಲ್ಲಿ ನಾನೇ ಕನ್ನಡ ಮಾಡಿದ್ದೇನೆ, ಅಭ್ಯಾಸ ಉಂಟಲ್ಲ.

"ಸಾರ್, ಓಡಿಸುವಾಗ ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಇರುತ್ತೀರಾ?" ಅಂತ ಕೇಳಿದ.

"ಛೆ ಛೆ, ಇಲ್ಲಪ್ಪ."

"ಇರುತ್ತಾರೆ," ಅಂದಳು ಹಿಂದಿನ ಸೀಟಿನಿಂದ ಇವಳು. "ಮದುವೆ ಮನೆಯಲ್ಲಿ ಕುರ್ಚಿಯಲ್ಲಿ ಕೂತರೂ ಎಡಗಾಲು ಒತ್ತಿಕೊಂಡೇ ಇರುತ್ತಾರೆ."

ಅವನು ಫಾರ್ಮಿನಲ್ಲಿ 'ಚಾಲಕನ ತಪ್ಪು, ಕವರ್ ಇಲ್ಲ' ಅಂತ ಬರೆದ. ಖರ್ಚು ಪೂರ್ತಿ ನನ್ನ ತಲೆಗೆ ಬಂತು. ನಮ್ಮ ಮನೆಮಾತು ಕೊಂಕಣಿ, ಆದರೆ ಜಗಳ ಮಾತ್ರ ಕನ್ನಡದಲ್ಲಿ. ಟೀಚರಲ್ಲವಾ, ಅವಳಿಗೆ ಗದರಿಸಲು ಆ ಭಾಷೆಯೇ ಕೈಗೆ ಬರುವುದು. ಕುಂಬಳೆ ದಾಟುವವರೆಗೆ ಜಗಳ ಮಾಡಿದೆವು.

"ಹಾಗಾದರೆ ನಾನು ಸುಳ್ಳು ಹೇಳಬೇಕಿತ್ತಾ?"

"ಸುಳ್ಳು ಬೇಡ. ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು."

"ಆಯಿತು, ಈಗ ಮುಚ್ಚುತ್ತೇನೆ," ಅಂದವಳು ಎರಡೇ ನಿಮಿಷಕ್ಕೆ, "ಕಾಲು ತೆಗೆಯಿರಿ," ಅಂದಳು.

೩. ತಲಪಾಡಿಯಲ್ಲಿ ಹಿಂದಕ್ಕೆ

ಒಂದು ಶುಕ್ರವಾರ ತಲಪಾಡಿ ಗಡಿ ದಾಟಿ ನೂರು ಹೆಜ್ಜೆ ಹೋದದ್ದಷ್ಟೇ, ಕಾರು ನಿಂತುಬಿಟ್ಟಿತು. ಗಂಟೆ ಒಂಬತ್ತೂಕಾಲು. ಇವಳ ಮುಖ ಊದಿ, ಉಸಿರಿಗೆ ಕಷ್ಟವಾಗುತ್ತಿತ್ತು. ಸಾಯ್ಬಾ ದೇವಾ, ನಾನು ರಸ್ತೆಗೆ ಇಳಿದು ಕೈ ಅಡ್ಡ ಹಿಡಿದೆ. ನಿಂತ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ, ರಿಕ್ಷಾ ಒಂದೂ ಇಲ್ಲ. ಅಷ್ಟರಲ್ಲಿ ನಮ್ಮ ಶಿರಿಯದ್ದೇ ಒಂದು ಮೀನಿನ ಟೆಂಪೋ ಬಂತು. ಡ್ರೈವರ್ ಅವಳ ಹಳೆಯ ವಿದ್ಯಾರ್ಥಿ.

"ಟೀಚರೇ, ಹತ್ತಿ!" ಅಂದ. ಪಕ್ಕದ ಸೀಟಿನಲ್ಲೂ ಬಂಗುಡೆಯ ಬುಟ್ಟಿ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಟಳು.

ನಾನು ವಾರಂಟಿಯವರಿಗೆ ಫೋನ್ ಮಾಡಿದೆ. ಕೆಟ್ಟ ಗಾಡಿ ಎಳೆದುಕೊಂಡು ಹೋಗುವುದು ಫ್ರೀ ಅಂತ ಆ ಒಂದೂವರೆ ಪುಟದಲ್ಲಿ ಇತ್ತು.

"ಎಲ್ಲಿದ್ದೀರಿ ಸಾರ್?"

"ತಲಪಾಡಿ. ಗಡಿಯಿಂದ ನೂರು ಹೆಜ್ಜೆ ಆಚೆ."

"ಅಯ್ಯೋ, ಕರ್ನಾಟಕದಲ್ಲಿ ಕವರ್ ಇಲ್ಲ. ಕೇರಳದೊಳಗೆ ಕೆಟ್ಟಿದ್ದರೆ ಬರಬಹುದಿತ್ತು."

ಎಂತ ಮಾಡುವುದು? ಚೆಕ್‌ಪೋಸ್ಟಿನವರ ಕೈಕಾಲು ಹಿಡಿದೆ. ನಾಲ್ಕು ಮಂದಿ ಮುಂದಿನಿಂದ ನೂಕಿದರು, ನಾನು ಕತ್ತು ತಿರುಗಿಸಿ ಸ್ಟಿಯರಿಂಗ್ ಹಿಡಿದು ಹಿಂದಕ್ಕೆ ಹಿಂದಕ್ಕೆ ಕೇರಳಕ್ಕೆ ಬಂದೆ. ಅದರಲ್ಲಿ ಒಬ್ಬ ಬೆವರು ಒರೆಸುತ್ತ ಹೇಳಿದ, "ಹತ್ತು ವರ್ಷ ಆಯಿತು ಇಲ್ಲಿ ಗಾಡಿ ತಡೆಯುತ್ತಾ ಇದ್ದೇನೆ. ದಾಟಿಸಿ ಕೊಟ್ಟದ್ದು ಇದೇ ಮೊದಲು."

ಎಳೆಯುವ ಗಾಡಿಗೆ ಕಾರು ಒಪ್ಪಿಸಿ, ಬಸ್ಸು ಹಿಡಿದು ಆಸ್ಪತ್ರೆಗೆ ಹೋದಾಗ ಅವಳು ಹತ್ತು ಗಂಟೆಗೆ ಸರಿಯಾಗಿ ಮೆಷಿನಿಗೆ ಮಲಗಿದ್ದಳು. ಸೀರೆಯಿಂದ ಇಡೀ ವಾರ್ಡಿಗೆ ಬಂಗುಡೆಯ ವಾಸನೆ. ನರ್ಸು ಮೂಗು ಮುಚ್ಚಿಕೊಂಡು ಗದರಿಸಿದಳು, "ಎಂತ ಟೀಚರ್, ಮೀನು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಲಿಲ್ಲವಾ?"

"ತಿನ್ನುವುದು ಕಡಿಮೆ ಮಾಡಿ ಅಂದಿದ್ದಾರೆ," ಅಂದಳು ಇವಳು. "ಜೊತೆಗೆ ಕೂತು ಬರಬೇಡಿ ಅನ್ನಲಿಲ್ಲ."

೪. ಆರು ಸಹಿ

ಮುಂದೊಂದು ಸಲ ಏಸಿ ಹೋಯಿತು. ಕ್ಲೇಮಿಗೆ ಮಾಲೀಕರ ಸಹಿ ಬೇಕು, ಅದೂ ಇವತ್ತೇ ಬೇಕು ಅಂದರು. ಮಂಗಳವಾರ. ಅವಳು ಮಂಗಳೂರಿನಲ್ಲಿ ಮೆಷಿನಿನ ಮೇಲೆ. ಫಾರ್ಮು ಹಿಡಿದು ಕಾಸರಗೋಡಿನಿಂದ ವಾರ್ಡಿಗೆ ಓಡಿದೆ. ಎಡಗೈಯ ರಕ್ತನಾಳ ಮೊದಲೇ ಕೆಟ್ಟು, ಅವಳ ಬಲಗೈಗೆ ಸೂಜಿ ಹಾಕುತ್ತಿದ್ದರು. ಪಾಪ, ಎಡಗೈಯಲ್ಲಿ ಗೀಚಿದಳು. ಎಂಟು ದಿನದಲ್ಲಿ ಫಾರ್ಮು ವಾಪಸು ಬಂತು: ಸಹಿ ಹೋಲುವುದಿಲ್ಲ.

ಅವಳಿಗೆ ಸಿಟ್ಟು ಬಂತು. ಮರುದಿನ ವರ್ಕ್‌ಶಾಪಿಗೆ ಹೋಗಿ, ಎಂಜಿನಿಯರನ ಎದುರಿಗೆ ಕೂತು, ಖಾಲಿ ಫಾರ್ಮು ಕೇಳಿ ತೆಗೆದುಕೊಂಡು ಆರಕ್ಕೆ ಬಲಗೈಯಲ್ಲಿ ಸಹಿ ಹಾಕಿದಳು. ಲಕೋಟೆಗೆ ತುಂಬಿಸಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟಳು.

"ಆರು ಸಾಕಾ?" ಅಂದೆ. "ವಾರಂಟಿ ಇನ್ನೂ ಒಂದೂವರೆ ವರ್ಷ ಉಂಟು."

"ಅದಕ್ಕೆ ಉಂಟು," ಅಂದಳು. ನಾನು ಪೆಟ್ಟಿಗೆಯ ಬಾಗಿಲು ಒತ್ತಿ ಮುಚ್ಚಿದೆ.

ಆವತ್ತಿನ ಏಸಿಯ ಫಾರ್ಮು ಈ ಆರರಲ್ಲಿ ಸೇರಿದ್ದಲ್ಲ, ಬೇರೆ. ಅದರಲ್ಲಿ 'ದೋಷದ ವಿವರ' ಅನ್ನುವ ಕಡೆ ಅವಳು ದುಂಡಗಿನ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಳು. ಎಂಜಿನಿಯರ್ ತಲೆ ತುರಿಸಿಕೊಂಡ. "ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆದಿದ್ದರೆ…"

"ಕಾಸರಗೋಡಿನಲ್ಲಿ ಕನ್ನಡದಲ್ಲಿ ಬರೆಯಲು ನಮಗೆ ಹಕ್ಕುಂಟು," ಅಂದಳು ಇವಳು. ಆ ಧ್ವನಿಗೆ ಮೂವತ್ತು ವರ್ಷ ಮಕ್ಕಳು ಬೆಂಚಿನ ಮೇಲೆ ನಿಂತಿದ್ದಾರೆ, ಅವನ ಗತಿ ಎಂತ? "ಸರಿ ಟೀಚರ್," ಅಂತ ನನ್ನ ಕಡೆ ತಿರುಗಿ, "ಸಾರ್, ನೀವು ಓದಿ ಹೇಳಿ, ನಾನು ಬರೆದುಕೊಳ್ಳುತ್ತೇನೆ," ಅಂದ. ಪೆನ್ಶನ್ ಆದ ಮೇಲೆ ನನಗೆ ಸಿಕ್ಕಿದ ಮೊದಲ ಉದ್ಯೋಗ ಅದು. ಸಂಬಳ ಇಲ್ಲ, ಮೇಲಿನಿಂದ ಕ್ಲೇಮೂ ಸಿಗಲಿಲ್ಲ.

೫. ಕೊನೆಯ ಫಾರ್ಮು

ಮುಂದಿನ ವರ್ಷದೊಳಗೆ ಐದು ಫಾರ್ಮು ಮುಗಿಯಿತು. ಐದೂ ವಾಪಸು. ಒಂದು ಸಲ ರಬ್ಬರಿಗೆ ಕವರ್ ಇಲ್ಲ, ಇನ್ನೊಂದು ಸಲ ತುಕ್ಕಿಗೆ ಕವರ್ ಇಲ್ಲ, ಮತ್ತೊಂದು ಸಲ ಇಲಿ ಕಡಿದ ವಯರಿಗೆ ಕವರ್ ಇಲ್ಲ. ಉಳಿದ ಎರಡು ಸವೆತ. ಓಡಿದ ಕಾರು ಸವೆಯದೆ ಇರುತ್ತದಾ ಮಾರಾಯ್ರೆ?

ಅವಳು ತೀರಿಕೊಂಡದ್ದು ಒಂದು ಆದಿತ್ಯವಾರ ಬೆಳಿಗ್ಗೆ, ಮನೆಯಲ್ಲೇ, ಅರ್ಧ ಲೋಟ ಚಾ ಕುಡಿದು. ಆವತ್ತು ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಸ್ಪತ್ರೆಗೆ ಮಾತ್ರ ಹೋಗಲಿಕ್ಕೆ ಇರಲಿಲ್ಲ.

ಇಗರ್ಜಿಯಲ್ಲಿ ಪಾದ್ರಿಗಳಿಂದ ಅವಳ ತಿಂಗಳ ಪೂಜೆ ಮುಗಿಸಿ ಅಂಗಳದಲ್ಲಿ ಕಾರಿಗೆ ಕೂತರೆ ಗೇರೇ ಬೀಳುವುದಿಲ್ಲ. ವಾರಂಟಿ ಮುಗಿಯಲು ಒಂಬತ್ತು ದಿನ ಇತ್ತು. ಮರುದಿನ ಎಳೆಸಿಕೊಂಡು ವರ್ಕ್‌ಶಾಪಿಗೆ ಹೋದೆ. ಬಿಚ್ಚಿ ನೋಡಿ ಎಂಜಿನಿಯರ್ ಒಂದು ಮೊತ್ತ ಹೇಳಿದ. ನನ್ನ ಕೈಯಲ್ಲಿ ಆಗುವಂಥದ್ದಲ್ಲ. ಅವಳನ್ನು ಮೂರು ವರ್ಷ ಆಸ್ಪತ್ರೆಗೆ ಹೊತ್ತ ಕಾರು ಅದು. ಗುಜರಿಗೆ ಕೊಡಲು ನನ್ನಿಂದ ಸಾಧ್ಯವೇ ಇರಲಿಲ್ಲ.

"ಟೀಚರ್ ಬರಲಿಲ್ಲವಾ?" ಅಂತ ಕೇಳಿದ.

"ಇವತ್ತು ಮಂಗಳವಾರ ಅಲ್ಲವಾ," ಅಂದೆ. ಸುಳ್ಳಲ್ಲ, ಮಂಗಳವಾರವೇ ಆಗಿತ್ತು.

ಅವನು ತಲೆಯಾಡಿಸಿದ. ಪೆಟ್ಟಿಗೆಯಿಂದ ಲಕೋಟೆ ತೆಗೆದು ಕೊನೆಯ ಫಾರ್ಮು ಹಾಗೆಯೇ ಅವನ ಕೈಗೆ ಕೊಟ್ಟೆ. ಅವನು ಸಹಿ ನೋಡಿ, "ಸಹಿ ಸರಿಯಾಗಿ ಉಂಟು," ಅಂದ. ಮತ್ತೆ ಫಾರ್ಮನ್ನು ನನ್ನ ಕಡೆ ತಿರುಗಿಸಿದ. "ವಿವರವನ್ನೂ ಬರೆದೇ ಕಳುಹಿಸಿದ್ದಾರಲ್ಲ. ಓದಿ ಹೇಳಿ ಸಾರ್."

ಉಳಿದ ಐದರಲ್ಲೂ ಆ ಜಾಗ ಖಾಲಿ ಇತ್ತು. ಇದರಲ್ಲಿ ಯಾವಾಗ ಬರೆದಳೋ ಗೊತ್ತಿಲ್ಲ. ಅದೇ ದುಂಡಗಿನ ಅಕ್ಷರ:

'ದೋಷ ಕಾರಿನದ್ದಲ್ಲ. ನನ್ನ ಗಂಡ ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವುದಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನನ್ನು ಆಸ್ಪತ್ರೆಗೆ ಮುಟ್ಟಿಸಲು ತಡವಾದರೆ ಅಂತ ಅವರಿಗೆ ಹೆದರಿಕೆ. ಒಂದು ದಿನವೂ ತಡವಾಗಲಿಲ್ಲ. ಇನ್ನು ಅವರಿಗೆ ಅವಸರ ಇಲ್ಲ, ನಿಧಾನ ಓಡಿಸುತ್ತಾರೆ. ದಯವಿಟ್ಟು ಇದೊಂದು ಸಲ ರಿಪೇರಿ ಮಾಡಿಕೊಡಿ.'

ಅಕ್ಷರ ಮಂಜಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಸತ್ತ ಮೇಲೂ ಸತ್ಯ ಹೇಳಿ ಕ್ಲೇಮು ಹಾಳು ಮಾಡುವ ಹೆಂಗಸು! ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಒಂದು ಅರ್ಜಿಯ ಒಂದು ಶಬ್ದವನ್ನೂ ನಾನು ತಪ್ಪಿ ಅನುವಾದ ಮಾಡಿದವನಲ್ಲ.

"'ಗೇರು ಬೀಳುವುದಿಲ್ಲ' ಅಂತ ಬರೆದಿದ್ದಾಳೆ," ಅಂದೆ.

ಅವನು ಪೆನ್ನಿನ ತುದಿಯಿಂದ ಸಾಲು ಎಣಿಸಿದ. "ಏಳು ಸಾಲು ಉಂಟಲ್ಲ ಸಾರ್?"

"ಕನ್ನಡದಲ್ಲಿ ಸ್ವಲ್ಪ ಉದ್ದ ಆಗ್ತದೆ."

ಅವನು ನನ್ನ ಮಾತನ್ನು ಬರೆದುಕೊಂಡು, ಮೂರು ವರ್ಷದಲ್ಲಿ ಮೊದಲ ಸಲ 'ಪಾಸ್' ಅಂತ ಸೀಲು ಹೊಡೆದ. ಫಾರ್ಮನ್ನು ಫೈಲಿಗೆ ಸೇರಿಸುತ್ತಾ ನಕ್ಕು ಹೇಳಿದ, "ಟೀಚರಿಗೆ ಹೇಳಿ ಸಾರ್, ಮುಂದಿನ ಸಲ ಒಂದೇ ಸಾಲು ಸಾಕು ಅಂತ."

"ಹೇಳುತ್ತೇನೆ," ಅಂದೆ.