ಗುಮಾಸ್ತರ ಎಡಗಿವಿ

ಹೊಸ ಆಂಪ್ಲಿಫೈಯರ್ ಮನೆಗೆ ಬಂದದ್ದೇ ತಡ, ಗುಮಾಸ್ತರ ಗ್ರಹಚಾರ ಶುರುವಾಯಿತು.

"ಹಳೇದೇ ಚೆನ್ನಾಗಿ ಹಾಡ್ತಿತ್ತಲ್ಲ? ಎರಡಕ್ಕೂ ಏನ್ರೀ ವ್ಯತ್ಯಾಸ?" ಎಂದಳು ಹೆಂಡತಿ.

"ಅಜಗಜಾಂತರ ಕಣೆ!"

ಮಾತು ಮಹಡಿ ಮೇಲಿನ ನಿವೃತ್ತ ವಿಜ್ಞಾನದ ಮೇಷ್ಟ್ರ ಕಿವಿಗೆ ಬಿತ್ತು. ಕರೆಯದೆ ಬರುವುದರಲ್ಲಿ ಅವರು ಬೆಕ್ಕಿಗಿಂತ ಒಂದು ಕೈ ಮೇಲು.

"ವಾದ ಯಾಕೆ? ಕಣ್ಣು ಕಟ್ಟಿ ಪರೀಕ್ಷೆ ಮಾಡೋಣ. ಯಾವುದು ಹಳೇದು, ಯಾವುದು ಹೊಸದು, ಪ್ರತಿ ಸಲಾನೂ ಸರಿಯಾಗಿ ಹೇಳ್ಬೇಕು. ಒಂದು ತಪ್ಪಿದ್ರೂ ಹೊಸ ಪೆಟ್ಟಿಗೆ ಇವತ್ತೇ ಅಂಗಡಿಗೆ ವಾಪಸ್!"

ಹೆಂಡತಿ ಕೂಡಲೇ ಒಪ್ಪಿದಳು. ಅಜಗಜಾಂತರ ಎಂದದ್ದು ನಿಜವಾಗಿ ಅಂಗಡಿಯವನು. ಗುಮಾಸ್ತರು ಇನ್ನೂ ಸರಿಯಾಗಿ ಕೇಳಿಯೇ ಇರಲಿಲ್ಲ.

"ಪಾಪ, ಒಂದೇ ಕಿವೀಲಿ ಏನಂತ ಪರೀಕ್ಷೆ ಕೊಡ್ತಾರೆ?" ಎಂದು ಜೊತೆಗೇ ಇದ್ದ ಗುಮಾಸ್ತರ ಅತ್ತೆ ಮರುಗಿದರು. ಎಡಗಿವಿ ಮಂದ ಎಂದು ಗುಮಾಸ್ತರು ಮದುವೆಯಾದ ಹೊಸತರಲ್ಲೇ ಹೇಳಿಕೊಂಡಿದ್ದರು. ಊಟಕ್ಕೆ ಕೂತಾಗ ಅತ್ತೆಯ ಜಾಗ ಅವರ ಎಡಕ್ಕೇ.

ಮೇಷ್ಟ್ರು ಎರಡು ಪೆಟ್ಟಿಗೆಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು, ಗುಮಾಸ್ತರ ಕಣ್ಣಿಗೆ ಟವೆಲ್ ಬಿಗಿದರು. ಪರದೆಯ ಹಿಂದೆ ಹೆಂಡತಿ ತಂತಿ ಬದಲಿಸಲು ನಿಂತಳು. ಹಾಡು ಮಾತ್ರ ಒಂದೇ.

ಮೊದಲ ಸಲ ಗುಮಾಸ್ತರಿಗೆ ಏನೂ ತೋಚಲಿಲ್ಲ. ಎರಡನೆಯ ಸಲ, ಹಾಡು ಎತ್ತುವ ಮುನ್ನ, ಗಾಯಕಿ ಮೆಲ್ಲಗೆ ಉಸಿರೆಳೆದುಕೊಂಡಳು. ಇಷ್ಟು ವರ್ಷ ಕೇಳಿದ ಹಾಡಿನಲ್ಲಿ ಆ ಉಸಿರೇ ಇರಲಿಲ್ಲ! ಅವಳು ಪಕ್ಕದಲ್ಲೇ ಕೂತಂತಾಗಿ ಗುಮಾಸ್ತರ ಮೈ ಜುಮ್ಮೆಂದಿತು.

"ಮೊದಲು ಕೇಳಿಸಿದ್ದು ಹಳೇದು. ಇದು ಹೊಸದು... ಈಗ ಹಳೇದು... ಹೊಸದು... ಮತ್ತೆ ಹೊಸದೇ. ಬದಲಿಸಿದ ಹಾಗೆ ನಾಟಕ ಆಡ್ಬೇಡ ಕಣೆ!"

ಪರದೆಯ ಹಿಂದೆ ಹೆಂಡತಿ ತಬ್ಬಿಬ್ಬಾದಳು. "ಒಂದೂ ತಪ್ಪಿಲ್ಲ! ಇದು ಕಿವಿಯಲ್ಲ ಸ್ವಾಮಿ, ಪವಾಡ!" ಎಂದು ಮೇಷ್ಟ್ರು ಕೈ ಮುಗಿದೇಬಿಟ್ಟರು.

ಅತ್ತೆ ಮಗಳನ್ನು ಅಡುಗೆಮನೆ ಬಾಗಿಲಿಗೆ ಕರೆದು ಕಿವಿಯಲ್ಲಿ ಪಿಸುಗುಟ್ಟಿದರು: "ಒಂದೇ ಕಿವೀಲಿ ಇಷ್ಟು! ಎಡಗಿವೀನೂ ನೆಟ್ಟಗಿದ್ದಿದ್ರೆ ಇನ್ನೇನಾಗ್ತಿತ್ತೋ!"

ಗೆದ್ದ ಅಮಲಿನಲ್ಲಿ ಗುಮಾಸ್ತರು ಟವೆಲ್ ಬಿಚ್ಚುವ ಮೊದಲೇ ಅಂದುಬಿಟ್ಟರು: "ಆ ಉಸಿರು ಕೇಳಿಸಿದ್ದೇ ಎಡಗಿವೀಲಿ, ಅತ್ತೆ!"

ಇಷ್ಟು ವರ್ಷದ ಗುಟ್ಟು ಬಾಯಿ ತಪ್ಪಿ ಹೊರಬಿದ್ದಿತ್ತು. ಗುಮಾಸ್ತರು ಹೆದರಿ ಹೆದರಿ ಟವೆಲ್ ಸರಿಸಿದರು. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಭಕ್ತಿಯಿತ್ತು.

"ಹಾಗಾದ್ರೆ ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಕೇಳಿಸ್ತಿತ್ತಾ ಅಳಿಯಂದ್ರೇ? ಒಂದಕ್ಕೂ ಎದುರಾಡ್ದೆ ಕೇಳಿಸ್ಕೊಂಡ್ರಾ? ಎಂಥಾ ಸಹನೆ!" ಅತ್ತೆ ಕುರ್ಚಿಯನ್ನು ಅವರ ಎಡಕ್ಕೆ ಎಳೆದುಕೊಂಡು ಕೂತರು. "ಹೇಳೋದು ಇನ್ನೂ ಬೇಕಾದಷ್ಟಿದೆ. ಮೊದ್ಲು ಆ ಪೆಟ್ಟಿಗೆ ಆರಿಸಿ."

ಆಂಪ್ಲಿಫೈಯರ್ ಅಂಗಡಿಗೆ ವಾಪಸಾಗಲಿಲ್ಲ. ಗುಮಾಸ್ತರಿಗೆ ಈಗಲೂ ಸಂಜೆಯಾದರೆ ಒಂದು ಉಸಿರು ಸ್ಪಷ್ಟವಾಗಿ ಕೇಳಿಸುತ್ತದೆ. ಅದು ಅತ್ತೆ ಮುಂದಿನ ಮಾತಿಗೆ ಎಳೆದುಕೊಳ್ಳುವ ಉಸಿರು.