ನಂಬಿಕೆ ಪಟ್ಟಿಯವನಿಗೆ ಬೇಕಾದ ಒಂದು ಸಹಿ

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ವಾರಕ್ಕೊಂದರಂತೆ ಆಗುತ್ತಲೇ ಇರುತ್ತದೆ. ಯಾರಿಗಾದರೂ ಹೇಳಿಕೊಂಡು ನಗೋಣವೆಂದರೆ ಮನೆಯಲ್ಲೂ ನಾನೊಬ್ಬನೇ, ಕೆಲಸದಲ್ಲೂ ನಾನೊಬ್ಬನೇ. ಅದಕ್ಕೇ ಬರೆಯುತ್ತಿದ್ದೇನೆ.

ಬಿಡದಿಯ ಒಂದು ಕಾರ್ಖಾನೆಯ ಸರ್ವರ್ ರೂಮಿನಲ್ಲಿ ನನ್ನ ಕೆಲಸ. ಅಲ್ಲಿನ ಕಂಪ್ಯೂಟರುಗಳು ಒಂದರ ಜೊತೆ ಒಂದು ಮಾತಾಡುವ ಮೊದಲು "ಎಲ್ಲಿ, ನಿನ್ನ ಸರ್ಟಿಫಿಕೇಟ್ ತೋರಿಸು, ಅದಕ್ಕೆ ಸಹಿ ಹಾಕಿದವರು ಯಾರು?" ಎಂದು ಕೇಳುತ್ತವೆ. ಯಾರ ಸಹಿಯನ್ನು ನಂಬಬಹುದು ಎಂಬ ಪಟ್ಟಿಯನ್ನು ಒಂದು ಸಾಫ್ಟ್‌ವೇರ್ ಲೈಬ್ರರಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಗೆ ಸೇರಿಸುವುದು, ತೆಗೆಯುವುದು, ಇವರನ್ನು ಈ ಕೆಲಸಕ್ಕೆ ನಂಬು, ಆ ಕೆಲಸಕ್ಕೆ ನಂಬಬೇಡ ಎಂದು ಗುರುತು ಹಾಕುವುದು, ಇಷ್ಟು ನನ್ನ ಪಾಲಿನದು. ಹನ್ನೊಂದು ವರ್ಷ ಇದನ್ನೇ ಮಾಡಿ ಮಾಡಿ ನನಗೂ ಅದೇ ಚಾಳಿ ಬಂದಿದೆ. ಬಾಗಿಲು ತಟ್ಟಿದವರಿಗೆ "ಬನ್ನಿ" ಎನ್ನುವ ಮೊದಲು "ಯಾರು ಕಳಿಸಿದ್ದು?" ಎನ್ನುತ್ತೇನೆ. ಹೀಗಾಗಿ ಈಚೆಗೆ ಯಾರೂ ತಟ್ಟುವುದಿಲ್ಲ.

1. ಡಾಕ್ಟರು

ಹೊಟ್ಟೆಯ ಕೆಳಗೊಂದು ಗಂಟು ಕಾಣಿಸಿಕೊಂಡಿತು. ರಾಮನಗರದ ಆಸ್ಪತ್ರೆಯಲ್ಲಿ ತೋರಿಸಿದೆ. ಡಾಕ್ಟರು ಒತ್ತಿ ನೋಡಿ, "ಹರ್ನಿಯಾ. ಚಿಕ್ಕ ಆಪರೇಶನ್, ಹೆದರಬೇಡಿ. ಬರುವ ಸೋಮವಾರ ಮಾಡೋಣ. ಬರುವಾಗ ನಿಮ್ಮ ಕಡೆಯವರನ್ನು ಕರೆದುಕೊಂಡು ಬನ್ನಿ, ಸಹಿ ಹಾಕಬೇಕು" ಎಂದರು.

"ನಾನೇ ಹಾಕ್ತೀನಿ ಸಾರ್."

"ನಿಮ್ಮದು ಹೇಗೂ ಬೇಕು. ನಿಮ್ಮ ಜೊತೆಗೆ ಇರುವವರದೂ ಬೇಕು."

ನನಗೆ ಐವತ್ತೆರಡು. ಮದುವೆಯನ್ನು ಮುಂದೂಡುತ್ತಾ ಬಂದೆ, ಕೊನೆಗೆ ಅದೇ ನನ್ನನ್ನು ಬಿಟ್ಟು ಮುಂದೆ ಹೋಯಿತು. ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರೂ ಇಲ್ಲ. ಯಾರನ್ನು ಕರೆತರಲಿ ಎಂದು ಬೆರಳು ಮಡಚಿ ಎಣಿಸತೊಡಗಿದೆ. ಡಾಕ್ಟರು ಅದನ್ನು ಬೇರೆಯೇ ಅರ್ಥ ಮಾಡಿಕೊಂಡರು.

"ಒಬ್ಬರು ಸಾಕು ಕಣ್ರೀ. ಮದುವೆ ದಿಬ್ಬಣ ಬಂದ ಹಾಗೆ ಬಂದರೆ ನಮ್ಮಲ್ಲಿ ಕುರ್ಚಿ ಇಲ್ಲ."

2. ಬೀಗರೂಟ

ಅದೇ ವಾರ ಕನಕಪುರದಲ್ಲಿ ದೂರದ ನೆಂಟರ ಮನೆಯ ಬೀಗರೂಟ. ಸಾಮಾನ್ಯವಾಗಿ ಹೋಗುವವನಲ್ಲ. ಈ ಸಲ ಸಹಿಯ ಆಸೆಯಿಂದ ಹೋದೆ. ವರಸೆಯಲ್ಲಿ ಮಾವ ಆಗಬೇಕಾದ ಒಬ್ಬರು ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತರು. ಊಟ ಇನ್ನೂ ಬಂದಿರಲಿಲ್ಲ. ಏನು ಕೆಲಸ ಎಂದು ಕೇಳಿದರು. ಬಿಡಿಸಿ ಹೇಳಿದೆ.

"ಇದ್ಕೆ ಸಂಬ್ಳ ಬೇರೆ ಕೊಡ್ತಾರಾ?" ಎಂದರು ಮಾವ. "ಇದ್ನ ನಾನೂ ಮಾಡ್ತೀನಿ ಕಣಯ್ಯ. ಎದ್ರುಗಡೆ ಕುಂತವ್ನಲ್ಲ, ನಮ್ ಭಾವಮೈದ. ಎಮ್ಮೆ ಹಲ್ಲು ನೋಡಕ್ಕೆ ಅವನ್ನ ನಂಬ್ತೀನಿ. ಎಣ್ಣು ನೋಡಕ್ಕೆ ನಂಬಕಿಲ್ಲ. ಮಾಂಸ ಬಡ್ಸಕಂತೂ ಸತ್ರೂ ನಂಬಕಿಲ್ಲ, ಮೂಳೆಯೆಲ್ಲಾ ನಮ್ಗೆ ಹಾಕ್ಬುಡ್ತಾನೆ."

ನಮ್ಮ ಲೈಬ್ರರಿ ಮಾಡುವುದೂ ಇಷ್ಟೇ. ನನಗೆ ಖುಷಿಯಾಯಿತು. ಇವರನ್ನೇ ಕೇಳಿಬಿಡೋಣ ಎಂದು ಧೈರ್ಯ ಬಂತು.

"ಮಾವ, ನನ್ನನ್ನ ಯಾವುದಕ್ಕೆ ನಂಬ್ತೀರಿ?"

ಮಾವ ಆಚೆ ಸಾಲಿನತ್ತ ಕತ್ತು ಚಾಚಿ ನೋಡಿದರು. "ಜಾಗ ಕಾಯಕ್ಕೆ ನಂಬ್ತೀನಿ. ನಿಮ್ ಅತ್ತೆ ಕರ್ಕೊಂಡ್ ಬತ್ತೀನಿ, ಈ ಎರಡೆಲೆ ನೋಡ್ಕೊ" ಎಂದು ಎದ್ದು ಹೋದರು.

ಕಾದೆ. ಮುದ್ದೆ ಬಂತು, ಸಾರು ಬಂತು, ಅನ್ನ ಬಂತು. ಯಾರು ಬಂದು ಕೂರಲು ನೋಡಿದರೂ "ಜನ ಇದ್ದಾರೆ, ಜನ ಇದ್ದಾರೆ" ಎಂದು ಓಡಿಸಿದೆ. ಬಡಿಸುವವರು ನನ್ನನ್ನು ಬೈದುಕೊಂಡೇ ಹೋದರು. ಮಾವ ಬರಲೇ ಇಲ್ಲ. ಕೈ ತೊಳೆಯಲು ಹೋದಾಗ ನೋಡಿದೆ, ಗಂಡ ಹೆಂಡತಿ ಆಚೆ ಸಾಲಿನಲ್ಲಿ ಉಂಡು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಭೇಷ್ ಕಣಯ್ಯ, ನಂಬಸ್ತ ನೀನು. ಕೊನೇಗಂಟ ಒಬ್ರುನ್ನೂ ಕೂರಕ್ ಬುಡ್ನಿಲ್ಲ!"

3. ಕ್ಯಾಂಟೀನು

ಆ ಬೇಸರದಲ್ಲಿ ಮಾರನೆಯ ದಿನ ನಂಬಿಕೆ ಪಟ್ಟಿಯನ್ನು ಚೊಕ್ಕಟ ಮಾಡಲು ಕೂತೆ. ನನಗಿಂತ ಮುಂಚೆ ಇದ್ದವರು ಸೇರಿಸಿದ್ದ ಒಂದು ಹಳೇ ಸರ್ಟಿಫಿಕೇಟ್ ಕಣ್ಣಿಗೆ ಬಿತ್ತು. ಅದಕ್ಕೆ ಬೇರೆ ಯಾರ ಸಹಿಯೂ ಇರಲಿಲ್ಲ, ತನಗೆ ತಾನೇ ಸಹಿ ಹಾಕಿಕೊಂಡಿತ್ತು. ಯಾರು ಬಳಸುತ್ತಾರೆಂದು ವಿಚಾರಿಸಬೇಕಿತ್ತು. ವಿಚಾರಿಸದೆ "ಯಾವುದಕ್ಕೂ ನಂಬಬೇಡ" ಎಂದು ಗುರುತು ಹಾಕಿಬಿಟ್ಟೆ.

ಮಧ್ಯಾಹ್ನ ಗೊತ್ತಾಯಿತು. ಅದನ್ನು ನಂಬಿಕೊಂಡು ಬದುಕಿದ್ದುದು ಕ್ಯಾಂಟೀನಿನ ಕಾರ್ಡ್ ಉಜ್ಜುವ ಯಂತ್ರ. ಒಂದು ಶಿಫ್ಟಿನ ಜನ ಪೂರ್ತಿ ತಟ್ಟೆ ಹಿಡಿದು ನಿಂತಿದ್ದಾರೆ, ಯಂತ್ರ ಯಾರ ಕಾರ್ಡನ್ನೂ ಒಪ್ಪುತ್ತಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಮಾಗಡಿ ಕಡೆಯ ಅಡುಗೆಯವರೊಬ್ಬರು ಯಂತ್ರದ ಮೇಲೆ ಟವೆಲ್ ಹೊದಿಸಿ, ಸೌಟು ಹಿಡಿದು ತಾವೇ ನಿಂತಿದ್ದರು.

"ನನ್ಗೆ ಎಲ್ರು ಮೊಕನೂ ಗೊತ್ತು. ಬನ್ರಪ್ಪಾ ಬನ್ನಿ. ಇವ್ನು ಪೇಂಟಿಂಗು, ಎರಡು ಮುದ್ದೆ. ಇವ್ನು ವೆಲ್ಡಿಂಗು, ಸಾರು ಜಾಸ್ತಿ."

ಸಾಲು ಸರಸರನೆ ಕರಗಿತು. ಒಬ್ಬರನ್ನೂ ತಪ್ಪಾಗಿ ಹೇಳಲಿಲ್ಲ. ಲ್ಯಾಪ್‌ಟಾಪ್ ತೆರೆದು ಹಾಕಿದ ಗುರುತನ್ನು ತೆಗೆದೆ. ಬಸ್ಸಾರಿನ ವಾಸನೆಗೆ ಹಸಿವಾಗಿ, ನಾನೂ ಒಂದು ತಟ್ಟೆ ಹಿಡಿದು ಕೊನೆಯಲ್ಲಿ ನಿಂತೆ. ಅಡುಗೆಯವರ ಸೌಟು ಗಾಳಿಯಲ್ಲೇ ನಿಂತಿತು.

"ನೀವ್ಯಾರು ಸಾ? ಒರಗ್ನೋರ್ಗೆ ಇಲ್ಲಿ ಊಟ ಇಲ್ಲ."

ಹನ್ನೊಂದು ವರ್ಷ ಡಬ್ಬಿ ತಂದು ಸರ್ವರ್ ರೂಮಿನಲ್ಲೇ ಕೂತು ಉಂಡವನು ನಾನು. ತಪ್ಪು ಅವರದಲ್ಲ. ಆದರೂ ಆ ಹೊತ್ತು ಸಂಕಟವಾಯಿತು. ಕಾರ್ಡ್ ತೆಗೆದು ತೋರಿಸಿದೆ. ಅಡುಗೆಯವರು ಅದನ್ನು ನೋಡಲೂ ಇಲ್ಲ.

"ಕಾರ್ಡ್ ತೋರ್ಸಬೇಡಿ ಸಾ. ಅದ್ಯಾರೋ ಬೇವಾರ್ಸಿ ಇವತ್ತು ಅದ್ನೆಲ್ಲಾ ಕೆಡಿಸ್ ಮಡಗವ್ನೆ."

4. ಓನರಮ್ಮ

ಉಳಿದವರು ಕೆಳಗಿನ ಮನೆಯ ಓನರಮ್ಮ ಒಬ್ಬರೇ. ನಾನು ಬಾಡಿಗೆಗೆ ಬಂದ ದಿನ ಆಧಾರ್ ಕಾರ್ಡ್ ಕೊಟ್ಟರೆ, "ಇದ್ನ ಕೊಟ್ಟಿರೋದು ಸರ್ಕಾರ. ಸರ್ಕಾರ ಏನು ನಿಮ್ ಜೊತೆ ಒಂದಿನ ಇತ್ತಾ?" ಎಂದು ಕೇಳಿದ್ದವರು. ಆಮೇಲೆ ಬಾಡಿಗೆ ಫೋನಿನಲ್ಲೇ ಹೋಗುತ್ತಿತ್ತು, ಮಾತಿಗೆ ಕಾರಣವೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಮೆಟ್ಟಿಲಿಳಿದು ಅವರ ಬಾಗಿಲು ತಟ್ಟಿದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡಿದ್ದೆ. ಬಾಗಿಲು ತೆಗೆದವರು ನನ್ನನ್ನು ನೋಡಿ ಎರಡೂ ಕೈ ಜೋಡಿಸಿದರು.

"ಅಯ್ಯೋ, ಖಾಲಿ ಮಾಡ್ತಿದ್ದೀರಾ? ದೇವ್ರು ಬಂದಂಗೆ ಬಂದ್ರಿ. ಮಗಳು ಅಳಿಯ ಚನ್ನಪಟ್ಟಣದಿಂದ ಇಲ್ಲಿಗೇ ಬತ್ತಾವ್ರೆ, ನಿಮ್ಗೆ ಎಂಗೆ ಏಳದು ಅಂತ ಒಂದು ತಿಂಗ್ಳಿಂದ ಒದ್ದಾಡ್ತಿದ್ದೆ!"

ಕಾಫಿ ಕೊಟ್ಟರು. ಅದು ಅವರ ಮನೆಯಲ್ಲಿ ನಾನು ಕುಡಿದ ಮೊದಲ ಕಾಫಿ. ಸಹಿ ಕೇಳಲು ಹೋದವನು ಮನೆ ಬಿಡುವುದಾಗಿ ಒಪ್ಪಿ ಬಂದೆ.

5. ಪಕ್ಕದ ಮಂಚ

ಸೋಮವಾರ ಒಬ್ಬನೇ ಹೋದೆ. ಹಸಿರು ಅಂಗಿ ಹಾಕಿಸಿ ಮಂಚದ ಮೇಲೆ ಕೂರಿಸಿದರು. ನರ್ಸ್ ಫಾರಂ ಹಿಡಿದು ಬಂದು, "ನಿಮ್ಮ ಕಡೆಯವರು ಎಲ್ಲಿ?" ಎಂದರು.

"ಯಾರೂ ಇಲ್ಲ ಸಿಸ್ಟರ್."

"ಹಾಗಂದ್ರೆ ಆಗಲ್ಲ. ಹತ್ತು ಗಂಟೆಯೊಳಗೆ ಯಾರಾದ್ರೂ ಬರಲಿ. ಇಲ್ಲದಿದ್ರೆ ಬಟ್ಟೆ ಬದಲಾಯಿಸಿಕೊಂಡು ಮನೆಗೆ ಹೋಗಿ."

ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು. ಅಷ್ಟು ಜನರ ನಡುವೆ ಆ ಹಸಿರು ಅಂಗಿಯಲ್ಲಿ ಕೂತು ನನಗೆ ಅಳು ಬಂತು. ಮುಖ ಗೋಡೆಗೆ ತಿರುಗಿಸಿಕೊಂಡೆ.

ಪಕ್ಕದ ಮಂಚದಲ್ಲಿ ಕೋಡಿಹಳ್ಳಿಯ ಯಜಮಾನರೊಬ್ಬರು ಮಲಗಿದ್ದರು. ಅವರ ಹೆಂಡತಿ, ಅರವತ್ತು ದಾಟಿದ ಹೆಂಗಸು, ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದರು. ಎದ್ದು ಬಂದು ನರ್ಸ್ ಮುಂದೆ ಹೆಬ್ಬೆಟ್ಟು ಚಾಚಿದರು.

"ಎಲ್ಲಿ ಒತ್ಬೇಕು ತೋರ್ಸವ್ವ."

"ನೀವು ಇವರಿಗೆ ಏನಾಗಬೇಕು?"

"ಪಕ್ಕದ್ ಮಂಚ."

"ಅದು ಸಂಬಂಧ ಅಲ್ಲಮ್ಮ."

"ಅಂಗಾರೆ ಅಕ್ಕ ಅಂತ ಬರ್ಕೊ."

ನರ್ಸ್ ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಬರೆದುಕೊಂಡರು. ಕೆಲಸದ ಚಾಳಿ ಎಲ್ಲಿ ಹೋಗುತ್ತದೆ, ನಾನು ಬಾಯಿ ಹಾಕಿದೆ. "ಅಲ್ಲಮ್ಮಾ, ನಾನು ಯಾರು ಏನು ಅಂತ ನಿಮಗೆ ಗೊತ್ತಿಲ್ಲ. ಯಾವ ನಂಬಿಕೆ ಮೇಲೆ ಒತ್ತುತ್ತಿದ್ದೀರಿ?"

"ನಿನ್ನ ನಂಬ್ದೋರ್ ಯಾರಪ್ಪಾ?" ಎಂದರು ಆಕೆ. "ಕುಯ್ಯೋರು ಡಾಕ್ಟ್ರು. ನೀನು ಸುಮ್ಕೆ ಮನೀಕಂಡಿರೋನು. ನೀನೇನ್ ಮೋಸ ಮಾಡ್ಬುಟ್ಟೀಯಾ?"

ಹೆಬ್ಬೆಟ್ಟು ಬಿತ್ತು. ನಗುತ್ತಲೇ ಒಳಗೆ ಹೋದೆ.

ಎಚ್ಚರವಾದಾಗ ಮಧ್ಯಾಹ್ನ. ಕಣ್ಣು ಮಂಜು ಮಂಜು. ಆಕೆ ನನ್ನ ಮಂಚದ ಕಾಲಬುಡದಲ್ಲಿ ಕೂತು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಊ ಕಣ್ ಮಗಾ, ನಿಮ್ಮಪ್ಪುಂದು ನಾಳೀಕೆ. ಇವತ್ತು ನಮ್ ತಮ್ಮುಂದಾಯ್ತು... ಯಾವ್ ತಮ್ಮ ಅಂದ್ರೆ? ನಿಂಗೆ ಸೋದರಮಾವ ಕಣ್ ಮಗಾ... ಎಸ್ರಾ? ತಡಿ, ಈಗ ಕಣ್ ಬುಟ್ಟ, ಕೇಳ್ ಏಳ್ತೀನಿ. ತಮ್ಮಾ, ನಿನ್ನೆಸ್ರೇನಪ್ಪಾ?"